ಅವ್ಯಯದ ವ್ಯಯ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಜಾಹೀರಾತು ಬರೆಯುವವನು ಈ ಗಾದೆಯನ್ನು ಚೆನ್ನಾಗಿ ಬಲ್ಲ. ಆದುದರಿಂದಲೇ ಅವನು ಮಾತನ್ನು ಪೂರ್ತಿಯಾಗಿ ಆಡುವುದಿಲ್ಲ. ‘ಅರ್ಧ ಬೆಲೆ’ ಎನ್ನದೆ ‘ಶೇಕಡಾ 50ರವರೆಗೆ ರಿಯಾಯಿತಿ’ ಎನ್ನುತ್ತಾನೆ. ‘ಕಲೆ ಹೋಗುತ್ತದೆ’ ಎನ್ನದೆ ‘ಕಲೆಯೊಡನೆ ಹೋರಾಡುತ್ತದೆ’ ಎನ್ನುತ್ತಾನೆ. ಹೋರಾಡಿದವರೆಲ್ಲ ಗೆದ್ದಾರೆಯೆ? ಗೆಲುವನ್ನು ಊಹಿಸಿಕೊಂಡವರು ನಾವು, ಅವನು ಹೇಳಿದುದಲ್ಲ.

1891ರಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪೆನಿಗೆ ಈ ಜಾಣತನವಿರಲಿಲ್ಲ. ತನ್ನ ಸಾಧನವನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿಯೂ ಇನ್‌ಫ್ಲುಯೆಂಜಾ ತಗುಲಿದವರಿಗೆ 100 ಪೌಂಡು ಕೊಡುವುದಾಗಿ ಅದು ಸಾರಿತು. ಅದಕ್ಕೆಂದು 1,000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಹೇಳಿತು. ಶ್ರೀಮತಿ ಕಾರ್ಲಿಲ್ ಎಂಬಾಕೆ ಹಾಗೆಯೇ ಬಳಸಿದರು, ಜ್ವರ ಬಂತು, ಹಣ ಕೇಳಿದರು. ಅದೆಲ್ಲ ಬರಿಯ ಬಡಾಯಿಯೆಂದು ಕಂಪೆನಿ ವಾದಿಸಿತು. ಬ್ಯಾಂಕಿನಲ್ಲಿಟ್ಟ ಹಣವೇ ಮಾತಿನ ಪ್ರಾಮಾಣಿಕತೆಗೆ ಸಾಕ್ಷಿಯೆಂದು ಹೇಳಿ ಮೇಲ್ಮನವಿ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು.

ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ಲಕ್ಷಗಟ್ಟಲೆ ದಂಡ ವಿಧಿಸಬಲ್ಲದು. ಆದರೆ ದಂಡ ಬೀಳುವ ಹೊತ್ತಿಗೆ ಸರಕು ಮನೆ ಸೇರಿರುತ್ತದೆ. ಕೊಳ್ಳುವ ಮೊದಲೇ ಆ ‘ವರೆಗೆ’ಯನ್ನು ಕಾಣುವ ಕಣ್ಣು ಕೊಡಬೇಕಾದುದು ಭಾಷೆಯ ಪಾಠ. ಮೇಷ್ಟರು ಅವ್ಯಯವೆಂದು ಕಲಿಸಿದ ಆ ಪುಟ್ಟ ಪದ ಪೇಟೆಯಲ್ಲಿ ನಮ್ಮಿಂದ ಎಷ್ಟೊಂದು ವ್ಯಯ ಮಾಡಿಸುತ್ತದೆ!