ಕೇಳದೆ ಬಂದ ಪ್ಯಾಕೆಟ್

ಮನೆಯ ಸಿಸಿಟಿವಿ ಡಿವಿಆರ್‌ನ ವಿಳಾಸ 192.168.1.50 ಅಂದುಕೊಳ್ಳಿ. ಪಕ್ಕದ ಮನೆಯ ಪ್ರಿಂಟರಿಗೂ ಇದೇ ವಿಳಾಸ ಇರಬಹುದು, ಬ್ರೆಜಿಲ್‌ನ ಯಾರದೋ ಟಿವಿಗೂ ಇರಬಹುದು. ಇದು ಮನೆಯೊಳಗಷ್ಟೇ ಸಲ್ಲುವ ನಂಬರು. ಹೊರಗಿನವರಿಗೆ ಕಾಣುವುದು ರೌಟರಿನ ಒಂದೇ ವಿಳಾಸ. ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಅವು ಸಾಲವೆಂದು 1990ರ ದಶಕದಲ್ಲಿ ಹೂಡಿದ ಉಪಾಯವೇ ಈ ನ್ಯಾಟ್.

ಒಳಗಿನಿಂದ ಹೊರಟ ಪ್ಯಾಕೆಟ್ಟಿಗೆ ತೊಡಕಿಲ್ಲ. ಯಾರು, ಯಾವ ಪೋರ್ಟಿನಿಂದ, ಯಾರನ್ನು ಕೇಳಿದರು ಎಂದು ರೌಟರ್ ಪಟ್ಟಿಯಲ್ಲಿ ಬರೆದುಕೊಂಡಿರುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಒಪ್ಪಿಸುತ್ತದೆ. ನೀವು ಪರವೂರಿನಲ್ಲಿ ಕೂತು ಡಿವಿಆರ್ ನೋಡಹೊರಟರೆ ಮಾತ್ರ ಪಟ್ಟಿಯಲ್ಲಿ ಅಂಥ ಸಾಲೇ ಇಲ್ಲ. ಕೂಡುಕುಟುಂಬಕ್ಕೆ ಹೆಸರಿಲ್ಲದ ಕಾಗದ ಬಂದ ಹಾಗೆ. ರೌಟರ್ ಅದನ್ನು ಸುಮ್ಮನೆ ಬಿಸಾಡುತ್ತದೆ.

ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ಸಾಲನ್ನು ನಾವೇ ಬರೆದಿಡುವುದು: ಹೊರಗಿನ 8000ನೇ ಪೋರ್ಟಿಗೆ ಬಂದದ್ದನ್ನು 192.168.1.50ರ 8000ಕ್ಕೆ ಕೊಡು. ಅಷ್ಟೇ. ಕೆಡುವುದು ಬೇರೆ ಕಡೆ. ಕರೆಂಟು ಹೋಗಿ ಬಂದ ಮೇಲೆ ರೌಟರ್ ವಿಳಾಸಗಳನ್ನು ಮತ್ತೆ ಹಂಚುವಾಗ ಡಿವಿಆರ್‌ಗೆ 53 ಸಿಕ್ಕಿ, 50 ಯಾರದೋ ಫೋನಿನ ಪಾಲಾದರೆ ನಿಯಮ ಫೋನಿನ ಕದ ತಟ್ಟುತ್ತಿರುತ್ತದೆ. ಆದ್ದರಿಂದ ಮೊದಲು ಡಿವಿಆರ್‌ನ ಮ್ಯಾಕ್ ವಿಳಾಸಕ್ಕೆ ಆ ಐಪಿಯನ್ನು ಕಾದಿರಿಸಬೇಕು.

ಇಷ್ಟಾದರೂ ಆಗದಿದ್ದರೆ ರೌಟರಿನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಅದರ ಹೊರಗಿನ ವಿಳಾಸ, ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಇಂಟರ್ನೆಟ್ ಕಂಪನಿಯೇ ನಿಮ್ಮ ಮೇಲೊಂದು ನ್ಯಾಟ್ ಕೂರಿಸಿದೆ. 2012ರಲ್ಲಿ ಈ ವಿಳಾಸಗಳನ್ನು ಮೀಸಲಿಟ್ಟದ್ದೇ ಅದಕ್ಕೆ. ಕಂಪನಿಯ ನ್ಯಾಟ್ ಪಟ್ಟಿಯಲ್ಲಿ ಬರೆಯಲು ನಿಮಗೆ ಅಧಿಕಾರವಿಲ್ಲ. ನಿಮ್ಮ ರೌಟರಿನಲ್ಲಿ ರಾತ್ರಿಯಿಡೀ ಸೆಟ್ಟಿಂಗ್ ತಿರುವಿದರೂ ವ್ಯರ್ಥ. ಕಂಪನಿಯಿಂದ ಪಬ್ಲಿಕ್ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಐಪಿವಿ6 ಹಿಡಿಯಬೇಕು.

ಇನ್ನು, ತೆರೆದ ಪೋರ್ಟು ನಿಮಗೊಬ್ಬರಿಗೇ ತೆರೆದಿರುವುದಿಲ್ಲ. ಇಡೀ ಇಂಟರ್ನೆಟ್ಟನ್ನು ಹಗಲೂ ರಾತ್ರಿ ತಡಕಾಡುವ ಪ್ರೋಗ್ರಾಮುಗಳಿವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್‌ಗಳೊಳಗೆ ನುಗ್ಗಿದ್ದು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡುಗಳಿಂದಲೇ. ಅದೇ ವರ್ಷ ಅಕ್ಟೋಬರ್ 21ರಂದು ಅವನ್ನೆಲ್ಲ, ಜಾಲತಾಣಗಳ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಛೂ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ತತ್ತರಿಸಿದವು. ನನ್ನನ್ನು ಕೇಳಿದರೆ ಡಿವಿಆರ್‌ನ ಪೋರ್ಟನ್ನು ತೆರೆಯಲೇಬೇಡಿ. ವೈರ್‌ಗಾರ್ಡ್‌ನಂಥ ವಿಪಿಎನ್‌ಗೆಂದು ಒಂದು ಯುಡಿಪಿ ಪೋರ್ಟು ಬಿಟ್ಟು, ಅದರ ಮೂಲಕ ಮನೆಯೊಳಗೆ ಬನ್ನಿ. ಸರಿಯಾದ ಕೀಲಿ ಇಲ್ಲದ ಪ್ಯಾಕೆಟ್ಟಿಗೆ ವೈರ್‌ಗಾರ್ಡ್ ತುಟಿ ಬಿಚ್ಚುವುದಿಲ್ಲ. ತಡಕಾಡುವವರಿಗೆ ಅಲ್ಲೊಂದು ಪೋರ್ಟು ತೆರೆದಿದೆ ಎಂಬುದೂ ಗೊತ್ತಾಗುವುದಿಲ್ಲ.