ತುಡುವೆ ಜೇನು ರೋಗದಿಂದ ಉಳಿಯುವ ಬಗೆ

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತಕ್ಕೆ ಹಬ್ಬಿದಾಗ ಕೊಡಗು, ದಕ್ಷಿಣ ಕನ್ನಡಗಳಲ್ಲಿ ಸಾವಿರಾರು ಜೇನುಪೆಟ್ಟಿಗೆಗಳು ಬರಿದಾದವು. ಆದರೂ ತುಡುವೆ ಸಂತತಿ ಅಳಿಯಲಿಲ್ಲ. ರೋಗ ತಾಳಿ ಉಳಿದ ಕುಟುಂಬಗಳಿಂದ ಅದು ಮತ್ತೆ ಬೆಳೆಯಿತು. ಇದರಲ್ಲಿ ಜೇನು ಸಾಕುವವರಿಗೆ ಪಾಠವಿದೆ.

ನುಸಿಯೊಡನೆ ಬಾಳುವೆ

ವರೋವಾ ನುಸಿ ಏಷ್ಯಾದ ಜೇನಿನ ಹಳೆಯ ಶತ್ರು. ತುಡುವೆಯಲ್ಲಿ ಅದು ಸಾಮಾನ್ಯವಾಗಿ ಗಂಡು ನೊಣದ ಕಣಗಳಲ್ಲಿ ಮಾತ್ರ ಮರಿ ಮಾಡುತ್ತದೆ. ಗಂಡು ಮರಿಗಳಿರುವುದು ವರ್ಷದ ಕೆಲವು ಕಾಲ ಮಾತ್ರ. ಹೀಗಾಗಿ ನುಸಿ ಮಿತಿಮೀರದು. ಕೆಲಸಗಾರ ನೊಣಗಳು ಮೈಮೇಲಿನ ನುಸಿಯನ್ನು ಕೆರೆದು ಕೆಡವುತ್ತವೆ. ನುಸಿ ಹೊಕ್ಕ ಮರಿಯನ್ನು ಹೊರಹಾಕುತ್ತವೆ. ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ನುಸಿ ಕೆಲಸಗಾರ ಮರಿಗಳಲ್ಲೂ ಹೆಚ್ಚಿ, ರೆಕ್ಕೆ ಮುರುಟಿಸುವ ನಂಜಾಣುವನ್ನು ಹರಡುತ್ತದೆ. ಆದ್ದರಿಂದ ಅದನ್ನು ಸಾಕುವವರು ನುಸಿಯ ಬಗ್ಗೆ ಸದಾ ಎಚ್ಚರದಿಂದಿರಬೇಕು.

ನಂಜುರೋಗದ ಲಕ್ಷಣ

ಸ್ಯಾಕ್‌ಬ್ರೂಡ್ ತಗುಲಿದ ಮರಿಹುಳು ಕೋಶಾವಸ್ಥೆಗೆ ಹೋಗುವ ಮುನ್ನವೇ, ತಲೆ ಮೇಲಕ್ಕೆತ್ತಿದ ಸ್ಥಿತಿಯಲ್ಲಿ ಸಾಯುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ಜೀವಿನಿರೋಧಕ ಔಷಧಿಗಳು ನಂಜಾಣುವಿನ ಮೇಲೆ ಕೆಲಸ ಮಾಡವು; ಅವುಗಳಿಗೆ ಹಣ ವ್ಯರ್ಥ ಮಾಡಬೇಡಿ. ಸತ್ತ ಮರಿಗಳನ್ನು ಬೇಗ ಗುರುತಿಸಿ ಹೊರಹಾಕುವ ಕುಟುಂಬ ಚೇತರಿಸಿಕೊಳ್ಳುವ ಸಂಭವ ಹೆಚ್ಚು.

ಏನು ಮಾಡಬೇಕು?

1. ರೋಗ ಕಂಡ ಪೆಟ್ಟಿಗೆಯನ್ನು ದೂರವಿಡಿ. ಅದರ ಎರಿಯನ್ನು ಬೇರೆ ಕುಟುಂಬಕ್ಕೆ ಕೊಡಬೇಡಿ. ಅದನ್ನು ಕೊನೆಯಲ್ಲಿ ಪರೀಕ್ಷಿಸಿ, ಕೈ ಮತ್ತು ಸಲಕರಣೆ ತೊಳೆಯಿರಿ.

2. ರಾಣಿಯನ್ನು ಎರಡು-ಮೂರು ವಾರ ಪಂಜರದಲ್ಲಿಡಿ. ಹೊಸ ಮರಿಯಿಲ್ಲದಾಗ ರೋಗದ ಸರಪಳಿ ಕಡಿಯುತ್ತದೆ. ನೊಣಗಳಿಗೆ ಎರಿ ಶುಚಿಮಾಡಲು ಬಿಡುವು ಸಿಗುತ್ತದೆ.

3. ಹೂವಿಲ್ಲದ ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟು ಕುಟುಂಬವನ್ನು ಬಲವಾಗಿಡಿ. ಪಾಕ ಹೊರಚೆಲ್ಲಿದರೆ ಬೇರೆ ನೊಣಗಳು ಕದಿಯಲು ಬಂದು ರೋಗ ಹರಡುತ್ತವೆ.

4. ಉತ್ತಮ ಕುಟುಂಬವನ್ನು ಗುರುತಿಸಲು, ಮುಚ್ಚಿದ 50 ಮರಿಕಣಗಳನ್ನು ಸಣ್ಣ ಸೂಜಿಯಿಂದ ಚುಚ್ಚಿ, ಮರುದಿನ ಅದೇ ಹೊತ್ತಿಗೆ ನೋಡಿ. ಹೆಚ್ಚು ಕಣ ಬರಿದು ಮಾಡಿದ ಕುಟುಂಬವೇ ಶುಚಿಗುಣದ್ದು.

ಪಾಲು ಮಾಡುವಾಗ ರೋಗದ ವರ್ಷದಲ್ಲೂ ಉಳಿದ, ಶುಚಿಗುಣವುಳ್ಳ ಕುಟುಂಬಗಳಿಂದಲೇ ಹೊಸ ರಾಣಿ ಪಡೆಯಿರಿ. ಅಂಥ ಪೆಟ್ಟಿಗೆಯ ಗಂಡು ಮರಿಗಳನ್ನು ಕತ್ತರಿಸದೆ ಬಿಡಿ. ತಂದೆಯ ಗುಣವೂ ಮುಖ್ಯ. ದೂರದೂರಿನಿಂದ ಅಗ್ಗಕ್ಕೆ ತಂದ ಕುಟುಂಬದೊಡನೆ ರೋಗವೂ ಬರಬಹುದು. ನಿಮ್ಮ ತೋಟದಲ್ಲೇ ಉಳಿದುಬಂದ ಜೇನು ಬಿತ್ತನೆ ಬೀಜವಿದ್ದಂತೆ; ಅದನ್ನು ಆರಿಸಿ ಬೆಳೆಸಿರಿ.