ಕೈಯಾಗ ಕಸಬು, ಕಿಸೆದಾಗ ಕಾಗದ



ಹತ್ತನೆಯ ಇಯತ್ತೆ ಮುಗಿದ ಮೇಲೆ ಮುಂದೇನು? ಈ ಪ್ರಶ್ನೆಯನ್ನು ಈಗ ನಮಗೆ ಎಲ್ಲರೂ ಕೇಳುತ್ತಾರೆ. ಬಸ್ ಸ್ಟ್ಯಾಂಡಿನಾಗ ಭೆಟ್ಟಿಯಾದ ಮಾಮಾ ಕೇಳ್ತಾರ, ಹಿಟ್ಟಿನ ಗಿರಣಿ ಮುಂದ ಕುಂತ ಕಾಕಾನೂ ಕೇಳ್ತಾರ. ಉತ್ತರ ಮಾತ್ರ ಎರಡೇ ಇದ್ದಂಗ ಆಗೇತಿ. ಮಾರ್ಕ್ಸ್ ಬಂದರೆ ಪಿಯುಸಿ, ಬರದಿದ್ದರೆ ಕಬ್ಬಿನ ಗ್ಯಾಂಗು. (ಹುಡುಗಿಯರಿಗೆ ಮೂರನೆಯ ಉತ್ತರವೂ ಒಂದಿದೆ. ಅದು ನಿಮಗೆಲ್ಲ ಗೊತ್ತೇ ಇದೆ, ಇಲ್ಲಿ ಬರೆಯುವುದಿಲ್ಲ.) ಇವುಗಳ ನಡುವೆ ಕಸಬು ಕಲಿಯುವ ದಾರಿ ಒಂದಿದೆ. ಅದರ ಬಗ್ಗೆ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ನಮ್ಮ ಭಾಗಕ್ಕೆ ಯಂತ್ರದ ಕೆಲಸ ಹೊಸದೇನಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಕಂಪನಿ ಸ್ಥಾಪನೆಯಾದದ್ದು 1885ರಲ್ಲಿ. ಘಟಪ್ರಭಾ ನದಿ ಅಲ್ಲಿ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಆ ನೀರಿನ ಬಲದಿಂದಲೇ ಗಿರಣಿ ತಿರುಗಿಸಿದರು. ನಮ್ಮ ದೇಶದಲ್ಲಿ ಐಟಿಐ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಅಂದ ಮೇಲೆ ಅದಕ್ಕೂ ಮೊದಲು ಹೊಲ ಬಿಟ್ಟು ಗಿರಣಿಗೆ ಹೋದವರು ಅನುಭವಸ್ಥರ ಬಾಜೂಕ ನಿಂತು, ನೋಡಿ ನೋಡಿ ಕಲಿಯಬೇಕಿತ್ತು. ಗೋಕಾಕಿನ ಬಣ್ಣದ ಗೊಂಬೆ, ಕರದಂಟು ಇವೂ ಹಾಗೆಯೇ ಮನೆಯವರ ಕೈಯಿಂದ ಮಕ್ಕಳ ಕೈಗೆ ಬಂದ ವಿದ್ಯೆಗಳು.

ಹುಕ್ಕೇರಿಯ ಕಥೆ ಇನ್ನೂ ಚಲೋ ಐತಿ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಆರಿಸಿದರು. ಅದರಲ್ಲಿ ನಮ್ಮ ರಾಜ್ಯದ್ದು ಹುಕ್ಕೇರಿ. ಬೇರೆ ತಾಲೂಕುಗಳಿಗೆ ಸರ್ಕಾರದ ಕಂಪನಿ ಕರೆಂಟ್ ಕೊಟ್ಟರೆ ಹುಕ್ಕೇರಿ ತಾಲೂಕಿಗೆ ಇಂದಿಗೂ ಸಹಕಾರಿ ಸಂಘವೇ ಕೊಡುತ್ತದೆ. ಕರೆಂಟ್ ಬಂದಲ್ಲಿ ಪಂಪ್‌ಸೆಟ್ ಬರುತ್ತದೆ, ಪಂಪ್‌ಸೆಟ್ ಬಂದಲ್ಲಿ ಅದು ಸುಡುತ್ತದೆ, ಸುಟ್ಟಲ್ಲಿ ರಿವೈಂಡಿಂಗ್ ಅಂಗಡಿ ಹುಟ್ಟುತ್ತದೆ! ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಇಂಥ ಅಂಗಡಿಗಳನ್ನು ನೀವು ನೋಡಿಯೇ ಇರುತ್ತೀರಿ.

ಈ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಾವು ಇದನ್ನು ಹಗುರಾಗಿ ನೋಡುತ್ತೇವೆ. ಹೊಲದ ಮೋಟಾರಿಗೆ ಮೂರು ಫೇಸ್ ಕರೆಂಟ್ ಬೇಕು. ನಡೆಯುವಾಗ ಒಂದು ಫೇಸ್ ಹೋತಂದ್ರ ಉಳಿದವುಗಳ ಮೇಲೆ ಭಾರ ಬಿದ್ದು, ಸುರುಳಿ ಕಾದು, ಮ್ಯಾಲಿನ ಲೇಪ ಸುಟ್ಟು, ತಂತಿಗೆ ತಂತಿ ತಾಗುತ್ತದೆ. ವೋಲ್ಟೇಜ್ ಬಹಳ ಕಡಿಮೆ ಆದರೂ ಮೋಟಾರ್ ಹೆಚ್ಚು ಕರೆಂಟ್ ಎಳೆದು ಸುಡುತ್ತದೆ. ಮಿಸ್ತ್ರಿ ಮೊದಲು ಮಾಡುವ ಕೆಲಸ ಬಿಚ್ಚುವುದಲ್ಲ, ಬರೆದುಕೊಳ್ಳುವುದು. ಎಷ್ಟು ಸಂದು, ಒಂದು ಸುರುಳಿಗೆ ಎಷ್ಟು ಸುತ್ತು, ತಂತಿ ಎಷ್ಟು ದಪ್ಪ, ಜೋಡಣೆ ಸ್ಟಾರೋ ಡೆಲ್ಟಾನೋ ಎಲ್ಲ ಪಟ್ಟಿ ಮಾಡಬೇಕು. ಆಮೇಲೆ ಹಳೆಯ ತಂತಿ ಕತ್ತರಿಸಿ, ಸಂದು ಸ್ವಚ್ಛ ಮಾಡಿ, ಇನ್ಸುಲೇಷನ್ ಕಾಗದ ಇಟ್ಟು, ಹೊಸ ಸುರುಳಿ ಕೂಡಿಸಿ, ಕಟ್ಟಿ, ವಾರ್ನಿಶ್ ಹಾಕಿ ಒಣಗಿಸುತ್ತಾರೆ. ನೀರೊಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ಬೇರೆ ತಂತಿ ಹಾಕುತ್ತಾರೆ. ಕೊನೆಗೆ ಮೆಗ್ಗರ್ ಹಚ್ಚಿ, ಕರೆಂಟ್ ಮೋಟಾರಿನ ಮೈಗೆ ಸೋರುತ್ತದೆಯೋ ಎಂದು ನೋಡಲೇಬೇಕು. ಇದನ್ನು ಬಿಟ್ಟರೆ ಹೊಲದಲ್ಲಿ ಸ್ಟಾರ್ಟರ್ ಒತ್ತಿದ ರೈತನ ಜೀವಕ್ಕೇ ಅಪಾಯ. ಸುತ್ತು ಕಡಿಮೆ ಸುತ್ತಿದರೆ ಮೋಟಾರ್ ಮತ್ತೆ ಕಾದು ಸುಡುತ್ತದೆ. ಅಂದರೆ ಗಣಿತ, ವಿಜ್ಞಾನ ಎರಡೂ ಇಲ್ಲಿ ಅದಾವ. ನಮ್ಮ ಎಂಟನೆಯ ಪಾಠಕ್ಕಿಂತ ಹೆಚ್ಚೇ ಅದಾವ.

ನಾನು ಒಂದು ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಕೇಳಿದಾಗ ಮಿಸ್ತ್ರಿ ಅಣ್ಣಾ ನಕ್ಕು, “ಯಾಕವಾ ತಂಗಿ, ನೀನೂ ಮೋಟಾರ ಕಟ್ಟಾಕಿ ಏನ?” ಅಂದರು. ಆಮೇಲೆ ತಾವೇ ಹೇಳಿದರು, “ಹನ್ನೆರಡು ವರ್ಷ ಆತು ನೋಡ ಕಲತು. ಆದರ ಕಾರ್ಖಾನಿಗೆ ಹೋದರ ಸರ್ಟಿಫಿಕೇಟ್ ಎಲ್ಲೈತಿ ಅಂತಾರ.”

ಇಲ್ಲಿಯೇ ನಮ್ಮ ಊರುಗಳ ನಿಜವಾದ ಗಂಟು ಇದೆ ಎಂದು ನನಗನಿಸುತ್ತದೆ. ಕೆಲಸ ಕಲಿತವನ ಕಿಸೆದಾಗ ಕಾಗದ ಇಲ್ಲ, ಕಾಗದ ಇದ್ದವನ ಕೈಯಾಗ ಕೆಲಸ ಇಲ್ಲ. ಮನೆ ವೈರಿಂಗನ್ನು ಕಾಯಿದೆ ಪ್ರಕಾರ ಮಾಡಲು ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಿಗೆ ಬೇಕು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳಲು ಬಾಯ್ಲರ್ ಪರೀಕ್ಷೆ ಪಾಸಾದ ಪ್ರಮಾಣಪತ್ರ ಬೇಕೇ ಬೇಕು. ಎಷ್ಟೇ ಹುಷಾರಿದ್ದರೂ ಇವು ಇಲ್ಲದವನು ಹೆಲ್ಪರ್ ಆಗಿಯೇ ಉಳಿಯುತ್ತಾನೆ, ಪಗಾರವೂ ಹೆಲ್ಪರಂದೇ. ಇನ್ನೊಂದು ಕಡೆ ಎರಡು ವರ್ಷ ಐಟಿಐ ಕಲಿತೂ ಒಂದು ಸ್ಟಾರ್ಟರ್ ಬಿಚ್ಚಿ ಜೋಡಿಸಲು ಬಾರದವರೂ ಇದ್ದಾರೆ. ತಪ್ಪು ಅವರದ್ದಲ್ಲ. ಕೆಟ್ಟ ಯಂತ್ರದ ಮುಂದೆ ಅವರನ್ನು ಯಾರೂ ನಿಲ್ಲಿಸಿಲ್ಲ, ಅಷ್ಟೇ.

ಇದು ನಮ್ಮದೊಂದೇ ತಾಪತ್ರಯ ಅಲ್ಲ. ಆಫ್ರಿಕಾದ ಕೆನ್ಯಾ ದೇಶದಲ್ಲಿ ರಸ್ತೆ ಬಾಜೂಕ ತಗಡು ಬಡಿಯುವವರು, ಗಾಡಿ ರಿಪೇರಿ ಮಾಡುವವರಿಗೆಲ್ಲ “ಜುವಾ ಕಾಲಿ” ಎನ್ನುತ್ತಾರೆ. ಅವರ ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ಸುಡುಬಿಸಿಲು. ಬಿಸಿಲಾಗ ಕುಂತು ದುಡಿಯುವವರು ಅಂತ ಅರ್ಥ. ನಮ್ಮ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೂ ಅದಕ್ಕೂ ಏನು ಫರಕು? ಹಾಗೆ ಕಲಿತವರಿಗೆ ಅಲ್ಲಿ ಸರ್ಕಾರ ಕಸಬಿನ ಪರೀಕ್ಷೆ ಇಟ್ಟು ದರ್ಜೆಯ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲಿಯೂ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಮಿಸ್ತ್ರಿ ಅಣ್ಣಾಗ ಇದು ಗೊತ್ತೇ ಇರಲಿಲ್ಲ. ಜರ್ಮನಿಯಲ್ಲಿ ಹುಡುಗರು ವಾರದ ಕೆಲವು ದಿನ ಕಸಬಿನ ಸಾಲಿಗೆ, ಉಳಿದ ದಿನ ಕಾರ್ಖಾನೆಗೆ ಹೋಗುತ್ತಾರೆ. ಅವರಿಗೆ ಕೈ, ಕಾಗದ ಎರಡೂ ಕೂಡಿಯೇ ಬರುತ್ತವೆ.

ನಮ್ಮಲ್ಲಿ ಎರಡೂ ಕೂಡುವ ಜಾಗ ಅಪ್ರೆಂಟಿಸ್. ಇದಕ್ಕೆ 1961ರ ಕಾಯಿದೆ ಇದೆ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ ತನ್ನ ಕೆಲಸಗಾರರ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಲೆಕ್ಕ ಮಾಡಿ ನೋಡಿರಿ: 400 ಜನ ಇದ್ದಲ್ಲಿ ಕಡಿಮೆ ಎಂದರೂ 10 ಜನ. ಕಲಿಯುವಾಗ ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು, ಮುಗಿದ ಮೇಲೆ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಪ್ರಮಾಣಪತ್ರ. ಆದರೆ ಒಂದು ಮಾತು ಮುಚ್ಚಿಡಬಾರದು. ಮುಗಿದ ಮೇಲೆ ಅಲ್ಲಿಯೇ ನೌಕರಿ ಕೊಡಬೇಕೆಂದು ಕಾಯಿದೆ ಹೇಳುವುದಿಲ್ಲ.

ನಮ್ಮ ಸುತ್ತ ಕಾರ್ಖಾನೆಗಳಿಗೆ ಬರವಿಲ್ಲ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಬೆಲ್ಲದ ಬಾಗೇವಾಡಿ, ಕೊಳವಿ, ಹುಣಶ್ಯಾಳದಲ್ಲಿಯೂ ಇವೆ. ನಾವು ಕಬ್ಬು ನುರಿಸುವ ಹಂಗಾಮು ಮಾತ್ರ ನೋಡುತ್ತೇವೆ, ಟ್ರ್ಯಾಕ್ಟರ್ ಸಾಲು, ಮಳ್ಳಿಯ ವಾಸನಿ. ಆದರೆ ಕಲಿಯುವವರಿಗೆ ಚಲೋ ಕಾಲ ಹಂಗಾಮು ಮುಗಿದ ಮೇಲಿಂದು. ಆಗ ಗಾಣದ ರೋಲರ್, ಪಂಪು, ಬೇರಿಂಗು ಎಲ್ಲ ಬಿಚ್ಚಿ ಸವೆದದ್ದನ್ನು ಬದಲಿಸುತ್ತಾರೆ. ಫಿಟರ್, ವೆಲ್ಡರ್, ಟರ್ನರ್ ಮೂವರಿಗೂ ಕೈತುಂಬ ಕೆಲಸ. ನಡೆಯುವ ಯಂತ್ರ ತನ್ನ ಹೊಟ್ಟೆ ತೋರಿಸುವುದಿಲ್ಲ, ಬಿಚ್ಚಿದ್ದು ತೋರಿಸುತ್ತದೆ.

ಹದಿನೆಂಟು ತುಂಬಿದ, ಸಾಲಿ ಬಿಟ್ಟ ಅಣ್ಣಂದಿರು, ಅಕ್ಕಂದಿರಿಗೆ ಇನ್ನೊಂದು ದಾರಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅದನ್ನು ನೋಡಿಯೇ ಆಮೇಲೆ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಮಾಡಿಸಿತು. ಅಲ್ಲಿ ಮೋಟಾರ್ ರಿವೈಂಡಿಂಗ್, ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಹೀಗೆ ಕೆಲವೇ ವಾರಗಳ ತರಬೇತಿ, ಊಟ ವಸತಿ ಸಮೇತ ಬಿಟ್ಟಿಯಾಗಿ ಕೊಡುತ್ತಾರೆ. ನಮ್ಮ ಕರ್ನಾಟಕದ ಸಣ್ಣ ಊರಿನ ವಿಚಾರ ದೇಶಕ್ಕೆಲ್ಲ ಹಬ್ಬಿತು ಎಂದರೆ ಹೆಮ್ಮೆಯಲ್ಲವೇ?

ಗೆಳತಿಯರೇ, ಐಟಿಐ ಅಂದರೆ ಹುಡುಗರದ್ದು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಅರ್ಜಿಯಲ್ಲಿ ಹಾಗೆ ಎಲ್ಲಿಯೂ ಬರೆದಿಲ್ಲ. ಸುರುಳಿ ಸುತ್ತುವುದಕ್ಕೆ ಬೇಕಾದದ್ದು ತಾಳ್ಮೆ ಮತ್ತು ತಪ್ಪದ ಎಣಿಕೆ. ಕೌದಿ ಹೊಲಿಯುವ ನಮ್ಮ ಆಯಿಯ ಕೈಯಾಗ ಅವೆರಡೂ ಅದಾವ. ದಿನಾ ಹೋಗಿ ಬರುವ ಬಸ್ ಚಾರ್ಜಿನ ಚಿಂತೆಯೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮಗೆ ಕಡಿಮೆಯಾಗಿದೆ. ಉಳಿದದ್ದು ಅಪ್ಪಾನ್ನ ಒಪ್ಪಿಸೋದು. ಅದಕ್ಕೆ ಯಾವ ಯೋಜನೆಯೂ ಇಲ್ಲ! ನಾನು ಎಲೆಕ್ಟ್ರಿಷಿಯನ್‌ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಮನೆಯಾಗ ಇನ್ನೂ ಮಾತು ನಡದೈತಿ.

ಈಗ ಕೆಲಸಕ್ಕೆ ಬರುವ ಸಂಗತಿ. ಎಲೆಕ್ಟ್ರಿಷಿಯನ್, ಫಿಟರ್, ಟರ್ನರ್ ಇವು ಎರಡು ವರ್ಷದವು, ಹತ್ತನೆಯದು ಪಾಸಾಗಿರಬೇಕು. ವೆಲ್ಡರ್ ಒಂದೇ ವರ್ಷ, ವೈರ್‌ಮನ್ ಎರಡು ವರ್ಷ. ಇವೆರಡಕ್ಕೆ ಎಂಟನೆಯದು ಪಾಸಾಗಿದ್ದರೂ ನಡೆಯುತ್ತದೆ, ಆದ್ದರಿಂದ ನಪಾಸಾದವರು ಮನೆಯಾಗ ಕೂಡಬ್ಯಾಡ್ರಿ. ಸರ್ಕಾರಿ ಐಟಿಐಯಲ್ಲಿ ಫೀ ಕಡಿಮೆ, ಅದಕ್ಕೇ ಮೊದಲು ಅಲ್ಲಿ ವಿಚಾರಿಸಿರಿ. ಖಾಸಗಿಗೆ ಸೇರುವುದಾದರೆ ವರ್ಕ್‌ಶಾಪಿನೊಳಗೆ ಹೋಗಿ ಲೇತ್ ಮಿಷನ್ ಮೇಲೆ ಧೂಳು ಕುಂತೈತೋ ಎಣ್ಣಿ ಕುಂತೈತೋ ನೋಡಿ ಬರ್ರಿ. ಅಂಕಪಟ್ಟಿ, ಟಿ.ಸಿ., ಆಧಾರ್ ಜೊತೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಅವೆರಡನ್ನು ಫಲಿತಾಂಶಕ್ಕೆ ಕಾಯದೆ ಏಪ್ರಿಲ್‌ನಲ್ಲಿಯೇ ನಾಡಕಚೇರಿಯಲ್ಲಿ ಮಾಡಿಸಿಡಿರಿ. ಫಲಿತಾಂಶ ಬಂದ ಮೇಲೆ ಅಲ್ಲಿ ಪಾಳಿ ಬಾಗಿಲ ದಾಟಿ ರಸ್ತೇದ ತನಕ ಬರ್ತೈತಿ.

— ಹತ್ತನೆಯ ವರ್ಗದ ಒಬ್ಬ ವಿದ್ಯಾರ್ಥಿನಿ